ಪಾದಕ್ಕೊಪ್ಪುವ ಬೂಟು, ಬೂಟಿಗೊಪ್ಪುವ ಪೆಡಲು

ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ಹೊರಟು ನಂದಿಬೆಟ್ಟದ ಕಡೆಗೆ ಸಾಗುವ ಬೈಸಿಕಲ್ಲು ಸವಾರರ ಗುಂಪುಗಳನ್ನು ಈಗಿನ ದಿನಗಳಲ್ಲಿ ಯಾರಾದರೂ ನೋಡಬಹುದು. ಅಂತಹ ಗುಂಪಿನಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯಿದ್ದಾನೆಂದು ಭಾವಿಸೋಣ. ಹಲವು ತಿಂಗಳು ಕೂಡಿಟ್ಟ ಹಣದಿಂದ ಆತನು ಹೊಸ ಜೊತೆ ಬೂಟುಗಳನ್ನೂ, ಬೂಟಿನ ಅಟ್ಟೆಯನ್ನು ಕಚ್ಚಿ ಹಿಡಿಯುವ ಹೊಸ ಬಗೆಯ ಪೆಡಲುಗಳನ್ನೂ ಕೊಂಡಿದ್ದಾನೆ. ಮೊದಲ ಒಂದು ಗಂಟೆ ಎಲ್ಲವೂ ಸೊಗಸಾಗಿಯೇ ಇರುತ್ತದೆ. ಬಳಿಕ ಬೆರಳುಗಳ ಬುಡದಲ್ಲಿ ಸಣ್ಣಗೆ ಉರಿ ಹತ್ತುತ್ತದೆ. ಅನಂತರ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳು ಜೋಮು ಹಿಡಿಯುತ್ತವೆ. ಬೆಟ್ಟದ ಬುಡವನ್ನು ಮುಟ್ಟುವ ವೇಳೆಗೆ ಪಾದವೆಂಬುದು ತನ್ನದೇ ಅಲ್ಲವೆನ್ನುವಂತಾಗುತ್ತದೆ. ರಸ್ತೆಯ ಬದಿಯಲ್ಲಿ ಕುಳಿತು ಬೂಟು ಕಳಚಿದ ಕ್ಷಣವೇ ಜೀವ ಬಂದಂತಾಗುತ್ತದೆ. ಸಾಮಾನ್ಯ ಚಪ್ಪಲಿ ಮೆಟ್ಟಿ ಇಷ್ಟೇ ದೂರ ಹೋಗಿ ಬಂದಾಗ ಈ ಬಾಧೆ ಇರಲಿಲ್ಲವಲ್ಲ! ಹೆಚ್ಚು ಬೆಲೆಯ ಬೂಟು ಹೆಚ್ಚು ನೋವನ್ನೇಕೆ ಕೊಟ್ಟಿತು?

ಚಪ್ಪಲಿ ಕಚ್ಚುವುದು ನಮಗೆಲ್ಲ ತಿಳಿದ ಸಂಗತಿಯೇ. ಆದರೆ ಬೈಸಿಕಲ್ಲಿನ ಬೂಟು ಕಚ್ಚುವ ರೀತಿ ಬೇರೆ. ಅದರ ಕಾರಣಗಳೂ ಬೇರೆ. ಆ ಕಾರಣಗಳನ್ನರಿಯಬೇಕಾದರೆ ಪಾದದ ರಚನೆ, ಪೆಡಲಿನ ಯಂತ್ರ, ಇವೆರಡರ ನಡುವೆ ಹರಿಯುವ ಬಲ ಈ ಮೂರನ್ನೂ ಸ್ವಲ್ಪ ಪರಿಶೀಲಿಸಬೇಕು.

ಕ್ಲಿಪ್ಪಿಲ್ಲದ ಪೆಡಲು ಎಂಬ ವಿಚಿತ್ರ ಹೆಸರು

ಈ ಪೆಡಲುಗಳನ್ನು ಕ್ಲಿಪ್‌ಲೆಸ್ ಪೆಡಲುಗಳೆಂದು ಕರೆಯುತ್ತಾರೆ. ಬೂಟನ್ನು ಬಿಗಿಯಾಗಿ ಹಿಡಿದುಕೊಳ್ಳುವ ಪೆಡಲಿಗೆ ಕ್ಲಿಪ್ಪಿಲ್ಲದ ಪೆಡಲೆಂದು ಹೆಸರೇ ಎಂದು ಓದುಗರು ಅಚ್ಚರಿಪಡಬಹುದು. ಹೆಸರಿನ ಗುಟ್ಟು ಇತಿಹಾಸದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೂ ಪಂದ್ಯದ ಸವಾರರು ಪೆಡಲಿನ ಮುಂಭಾಗಕ್ಕೆ ಲೋಹದ ಪಂಜರದಂತಹ ಕ್ಲಿಪ್ಪೊಂದನ್ನು ಜೋಡಿಸಿ, ಅದರೊಳಕ್ಕೆ ಬೆರಳುಗಳ ಭಾಗವನ್ನು ತೂರಿಸಿ, ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಬಿದ್ದಾಗ ಪಾದವನ್ನು ಹೊರಕ್ಕೆಳೆಯುವುದು ಕಷ್ಟವಾಗುತ್ತಿತ್ತು. ಪಟ್ಟಿಯು ಪಾದದ ಮೇಲ್ಭಾಗವನ್ನು ಒತ್ತಿ ರಕ್ತಸಂಚಾರವನ್ನು ತಡೆಯುತ್ತಿತ್ತು. ಈ ಕ್ಲಿಪ್ಪನ್ನೂ ಪಟ್ಟಿಯನ್ನೂ ತೆಗೆದುಹಾಕಿ, ಅಟ್ಟೆಯ ಕೆಳಗೆ ಒಂದು ಕೊಂಡಿಯನ್ನು ಜೋಡಿಸಿ, ಅದು ಪೆಡಲಿನಲ್ಲಿ ಸಿಕ್ಕಿಕೊಳ್ಳುವಂತೆ ಮಾಡಿದುದರಿಂದ ಹೊಸ ಪೆಡಲಿಗೆ ಆ ಹೆಸರು ಬಂದಿತು. ಅಟ್ಟೆಯ ಕೆಳಗಿನ ಈ ಕೊಂಡಿಗೆ ಕ್ಲೀಟ್ ಎಂದು ಹೆಸರು.

ಕಲ್ಪನೆಯು ಹಳೆಯದು. ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಚಾರ್ಲ್ಸ್ ಹ್ಯಾನ್ಸನ್ ಎಂಬಾತನು 1895ರಷ್ಟು ಹಿಂದೆಯೇ ಬೂಟನ್ನು ತಿರುಗಿಸಿ ಪೆಡಲಿಗೆ ಸಿಕ್ಕಿಸುವ ಏರ್ಪಾಡನ್ನು ರೂಪಿಸಿದ್ದನು. 1970ರ ಸುಮಾರಿನಲ್ಲಿ ಇಟಲಿಯ ಚೀನೋ ಚಿನೆಲ್ಲಿ ಎಂಬ ಮಾಜಿ ಪಂದ್ಯಗಾರನು ಎಂ-71 ಎಂಬ ಪೆಡಲನ್ನು ಹೊರತಂದನು. ಅದರಿಂದ ಪಾದವನ್ನು ಬಿಡಿಸಬೇಕಾದರೆ ಸವಾರನು ಬಗ್ಗಿ, ಪೆಡಲಿನಲ್ಲಿದ್ದ ಸನ್ನೆಯನ್ನು ಕೈಯಿಂದ ಸರಿಸಬೇಕಾಗಿತ್ತು. ಬೀಳುವ ಹೊತ್ತಿನಲ್ಲಿ ಇಷ್ಟಕ್ಕೆಲ್ಲ ವ್ಯವಧಾನವೆಲ್ಲಿ? ಜನರು ಅದಕ್ಕೆ 'ಸಾವಿನ ಕ್ಲೀಟು' ಎಂದು ಅಡ್ಡಹೆಸರಿಟ್ಟುದು ಸಹಜವೇ ಆಗಿತ್ತು.

ಸಮಸ್ಯೆಗೆ ಪರಿಹಾರ ದೊರೆತುದು ಹಿಮದ ಮೇಲೆ ಜಾರುವ ಆಟದಿಂದ. ಫ್ರಾನ್ಸಿನ ಲುಕ್ ಸಂಸ್ಥೆಯು ಸ್ಕೀ ಹಲಗೆಗೆ ಬೂಟನ್ನು ಬಂಧಿಸುವ ಕೊಂಡಿಗಳನ್ನು ತಯಾರಿಸುತ್ತಿತ್ತು. ಸ್ಕೀ ಸವಾರನು ಉರುಳಿದಾಗ ಕಾಲು ತಿರುಚಿದ ರಭಸಕ್ಕೆ ಕೊಂಡಿಯು ತಾನಾಗಿ ಬಿಚ್ಚಿಕೊಳ್ಳಬೇಕು, ಇಲ್ಲವಾದರೆ ಮೂಳೆ ಮುರಿಯುತ್ತದೆ. ಇದೇ ತತ್ತ್ವವನ್ನು ಆ ಸಂಸ್ಥೆಯು 1984ರಲ್ಲಿ ಬೈಸಿಕಲ್ಲಿನ ಪೆಡಲಿಗೆ ಅಳವಡಿಸಿತು. ಪಾದವನ್ನು ಕೆಳಕ್ಕೆ ಒತ್ತಿದರೆ ಸ್ಪ್ರಿಂಗು ಸರಿದು ಕ್ಲೀಟನ್ನು ಹಿಡಿದುಕೊಳ್ಳುವುದು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಬಿಡುವುದು. 1985ರಲ್ಲಿ ಬರ್ನಾರ್ ಇನೋ ಈ ಪೆಡಲುಗಳನ್ನು ಬಳಸಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಐದನೆಯ ಬಾರಿ ಗೆದ್ದ ಮೇಲೆ ಚರ್ಮದ ಪಟ್ಟಿಗಳ ಯುಗವು ಮುಗಿಯುತ್ತ ಬಂದಿತು. 1990ರಲ್ಲಿ ಜಪಾನಿನ ಶಿಮಾನೊ ಸಂಸ್ಥೆಯು ಇನ್ನೊಂದು ಬಗೆಯನ್ನು ತಂದಿತು. ಇದರ ಕ್ಲೀಟು ಚಿಕ್ಕದು, ಉಕ್ಕಿನದು. ಅಟ್ಟೆಯಲ್ಲಿನ ಗುಳಿಯೊಳಗೆ ಅಡಗಿರುವಂತಹದು. ಆದ್ದರಿಂದ ಇಳಿದು ನಡೆಯುವುದೂ ಸಾಧ್ಯವಾಯಿತು.

ಇಂದಿಗೂ ಮುಖ್ಯವಾಗಿ ಈ ಎರಡು ಕುಲಗಳೇ ಬಳಕೆಯಲ್ಲಿವೆ. ಒಂದರಲ್ಲಿ ಅಗಲವಾದ ಕ್ಲೀಟನ್ನು ಮೂರು ತಿರುಪುಮೊಳೆಗಳಿಂದ ಅಟ್ಟೆಗೆ ಬಿಗಿಯುತ್ತಾರೆ. ಇನ್ನೊಂದರಲ್ಲಿ ಚಿಕ್ಕ ಕ್ಲೀಟಿಗೆ ಎರಡೇ ಮೊಳೆ. ಬೂಟನ್ನು ಕೊಳ್ಳುವವನು ಅದರ ಅಟ್ಟೆಯಲ್ಲಿ ಎಷ್ಟು ರಂಧ್ರಗಳಿವೆಯೆಂಬುದನ್ನು ಮೊದಲು ನೋಡಬೇಕು. ಮೂರು ರಂಧ್ರಗಳ ಬೂಟಿಗೆ ಎರಡು ಮೊಳೆಯ ಕ್ಲೀಟು ನೇರವಾಗಿ ಕೂರದು.

ಇಪ್ಪತ್ತಾರು ಮೂಳೆಗಳ ಕಮಾನು

ಇನ್ನು ಪಾದದ ವಿಚಾರ. ನಮ್ಮ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ: ಹಿಂಭಾಗದಲ್ಲಿ 7, ನಡುವೆ ಉದ್ದವಾದ 5 ಪ್ರಪದಾಸ್ಥಿಗಳು, ಬೆರಳುಗಳಲ್ಲಿ 14. ಐದು ಪ್ರಪದಾಸ್ಥಿಗಳ ಮುಂದಿನ ಗುಂಡಗಿನ ತುದಿಗಳು ಸೇರುವ ಕಡೆಯೇ ಪಾದದ ಅತ್ಯಂತ ಅಗಲವಾದ ಭಾಗ. ಹೆಬ್ಬೆರಳಿನ ಹಿಂದೆ ಅಂಗಾಲನ್ನು ಬೆರಳಿನಿಂದ ಒತ್ತಿ ನೋಡಿದರೆ ಮೊದಲನೆಯ ತುದಿಯೂ, ಕಿರುಬೆರಳಿನ ಹಿಂದೆ ಹೊರಬದಿಯಲ್ಲಿ ಒತ್ತಿದರೆ ಐದನೆಯದೂ ತಿಳಿಯುತ್ತವೆ. ಈ ಮೂಳೆಗಳ ನಡುವಿನ ಇಕ್ಕಟ್ಟಾದ ಓಣಿಗಳಲ್ಲಿ ಬೆರಳುಗಳಿಗೆ ಹೋಗುವ ನರಗಳೂ ರಕ್ತನಾಳಗಳೂ ಹಾದುಹೋಗುತ್ತವೆ.

ಬೂಟು ಪಕ್ಕಗಳಿಂದ ಹಿಸುಕಿದರೆ ಮೂಳೆಗಳು ಒಂದಕ್ಕೊಂದು ಸಮೀಪಿಸಿ ನಡುವಿನ ನರವು ಒತ್ತಿಹೋಗುತ್ತದೆ. ಜೋಮು ಹಿಡಿಯುವುದೂ ಉರಿಯುವುದೂ ಇದರಿಂದಲೇ. ದೀರ್ಘಕಾಲ ಹೀಗೆ ಒತ್ತಡಕ್ಕೊಳಗಾದ ನರದ ಸುತ್ತಣ ಅಂಗಾಂಶವು ದಪ್ಪಗಟ್ಟುವುದುಂಟು. ಈ ಬಾಧೆಯು ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಕಾಣಿಸಿಕೊಳ್ಳುತ್ತದೆ. 1876ರಲ್ಲಿ ಇದನ್ನು ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಥಾಮಸ್ ಮಾರ್ಟನ್ನನ ಹೆಸರಿನಿಂದ ಅದನ್ನು ಮಾರ್ಟನ್ನನ ನರಗಂಟು ಎನ್ನುತ್ತಾರೆ. ಆದುದರಿಂದ ಜೋಮನ್ನು 'ಹೊಸ ಬೂಟಲ್ಲವೆ, ಪಳಗುತ್ತದೆ' ಎಂದು ಅಲಕ್ಷಿಸುವುದು ಜಾಣತನವಲ್ಲ. ಚರ್ಮದ ಬೂಟು ಕೊಂಚ ಪಳಗೀತು. ಈಗಿನ ಬೈಸಿಕಲ್ಲು ಬೂಟುಗಳ ಗಡುಸಾದ ಅಟ್ಟೆಯಂತೂ ಪಳಗುವ ವಸ್ತುವೇ ಅಲ್ಲ.

ಸ್ವಲ್ಪ ಲೆಕ್ಕ

ನಡೆಯುವಾಗ ದೇಹದ ಭಾರವು ಹಿಮ್ಮಡಿಯಿಂದ ಆರಂಭಿಸಿ ಬೆರಳುಗಳ ಕಡೆಗೆ ಉರುಳುತ್ತ ಸಾಗುತ್ತದೆ. ಯಾವ ಒಂದು ಸ್ಥಳವೂ ಹೆಚ್ಚು ಹೊತ್ತು ಭಾರವನ್ನು ಹೊರಬೇಕಾಗಿಲ್ಲ. ಪೆಡಲು ತುಳಿಯುವಾಗಲಾದರೋ ಬಲವೆಲ್ಲ ಒಂದೇ ಕಡೆ ಬೀಳುತ್ತದೆ. ನಿಮಿಷಕ್ಕೆ 90 ಸುತ್ತಿನಂತೆ ತುಳಿದರೆ ಗಂಟೆಗೆ 5400 ಬಾರಿ ಪ್ರತಿಯೊಂದು ಪಾದವೂ ಅದೇ ಸ್ಥಳದಲ್ಲಿ ಒತ್ತಲ್ಪಡುತ್ತದೆ. ಮೂರು ಗಂಟೆಯ ಸವಾರಿಯಲ್ಲಿ ಇದು 16,200 ಬಾರಿಯಾಯಿತು.

ಒಂದೊಂದು ಬಾರಿಯ ಬಲವೆಷ್ಟು? ಕ್ರ್ಯಾಂಕಿನ ಉದ್ದ 170 ಮಿಲಿಮೀಟರು ಎಂದುಕೊಂಡರೆ ಪೆಡಲು ಒಂದು ಸುತ್ತಿನಲ್ಲಿ ಸುಮಾರು 1.07 ಮೀಟರು ದೂರ ಚಲಿಸುತ್ತದೆ. ಸೆಕೆಂಡಿಗೆ ಒಂದೂವರೆ ಸುತ್ತಾದರೆ ವೇಗ ಸೆಕೆಂಡಿಗೆ 1.6 ಮೀಟರು. ಸವಾರನ ಸಾಮರ್ಥ್ಯ 150 ವ್ಯಾಟ್ ಎಂದಿರಲಿ. ಸಾಮರ್ಥ್ಯವನ್ನು ವೇಗದಿಂದ ಭಾಗಿಸಿದರೆ ಬಲವು ದೊರೆಯುವುದೆಂದು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ಹೀಗೆ ಸರಾಸರಿ ಬಲವು ಸುಮಾರು 94 ನ್ಯೂಟನ್ ಆಗುತ್ತದೆ. ಆದರೆ ಬಲವು ಸುತ್ತಿನುದ್ದಕ್ಕೂ ಸಮನಾಗಿರುವುದಿಲ್ಲ. ಕ್ರ್ಯಾಂಕು ಅಡ್ಡಲಾಗಿರುವಾಗ ಅದು ಗರಿಷ್ಠವಾಗಿ 150 ನ್ಯೂಟನ್ನನ್ನು ಮುಟ್ಟಬಹುದು. ಎಂದರೆ 15 ಕಿಲೋಗ್ರಾಮಿನ ತೂಕವನ್ನು ಹೊತ್ತಂತೆ. 60 ಕಿಲೋಗ್ರಾಮು ತೂಗುವ ಸವಾರನು ದಿಬ್ಬದಲ್ಲಿ ಎದ್ದು ನಿಂತು ತುಳಿದರಂತೂ 600 ನ್ಯೂಟನ್ನಿನವರೆಗೂ ಬಲ ಬೀಳಬಹುದು.

ಪಾದಕ್ಕೆ ನೋವುಂಟುಮಾಡುವುದು ಬಲಕ್ಕಿಂತಲೂ ಒತ್ತಡ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಫಲ. ಅದೇ 150 ನ್ಯೂಟನ್ ಬಲವು 10 ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ ಒಂದೊಂದು ಚದರ ಸೆಂಟಿಮೀಟರಿಗೂ 15 ನ್ಯೂಟನ್; 40 ಚದರ ಸೆಂಟಿಮೀಟರಿನ ಮೇಲೆ ಹರಡಿದರೆ 4ಕ್ಕಿಂತ ಕಡಿಮೆ. ಬೈಸಿಕಲ್ಲಿನ ಬೂಟಿಗೆ ಗಡುಸಾದ ಅಟ್ಟೆಯನ್ನಿಡುವ ಉದ್ದೇಶ ಇದೇ. ಮೆತ್ತನೆಯ ಅಟ್ಟೆಯಾದರೆ ಚಿಕ್ಕ ಕ್ಲೀಟಿನ ಸುತ್ತ ಬಾಗಿ, ಕ್ಲೀಟಿನ ಅಂಚು ಅಂಗಾಲಿಗೆ ಕಲ್ಲಿನಂತೆ ಒತ್ತುತ್ತದೆ. ಗಡುಸಾದ ಅಟ್ಟೆಯು ಸೇತುವೆಯ ತೊಲೆಯಂತೆ ಬಾಗದೆ ನಿಂತು ಬಲವನ್ನು ಹರಡುತ್ತದೆ. ಚಪ್ಪಟೆಯಾದ ಪಟ್ಟಿಯ ದಪ್ಪವನ್ನು ಇಮ್ಮಡಿಗೊಳಿಸಿದರೆ ಅದು ಬಾಗುವುದನ್ನು ತಡೆಯುವ ಶಕ್ತಿ ಎಂಟು ಪಟ್ಟಾಗುತ್ತದೆಂಬುದು ನಿಯಮ. ದಪ್ಪವನ್ನು ಹೆಚ್ಚಿಸಿದರೆ ತೂಕವೂ ಹೆಚ್ಚುವುದರಿಂದ ತಯಾರಕರು ನೈಲಾನಿಗೆ ಗಾಜಿನ ಎಳೆಗಳನ್ನು ಬೆರೆಸಿಯೋ, ಇಂಗಾಲದ ಎಳೆಗಳನ್ನೇ ಬಳಸಿಯೋ ತೆಳುವಾದರೂ ಬಾಗದ ಅಟ್ಟೆಗಳನ್ನು ಮಾಡುತ್ತಾರೆ.

ಹಾಗಾದರೆ ಅಟ್ಟೆಯು ಎಷ್ಟು ಗಡುಸಾದರೆ ಅಷ್ಟು ಒಳ್ಳೆಯದೇ? ಅಲ್ಲ. ಅಂಗಾಲು ಸಮತಲವಲ್ಲ. ಅದರಲ್ಲಿ ಉಬ್ಬುತಗ್ಗುಗಳಿವೆ. ಸ್ವಲ್ಪವೂ ಮಣಿಯದ ಅಟ್ಟೆಯ ಮೇಲೆ ಉಬ್ಬಿದ ಮೂಳೆಯ ತುದಿಗಳೇ ಭಾರವನ್ನೆಲ್ಲ ಹೊರಬೇಕಾಗುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಗಾಲದ ಎಳೆಯ ಅಟ್ಟೆಗಳನ್ನು ಪ್ಲಾಸ್ಟಿಕ್ಕಿನ ಅಟ್ಟೆಗಳೊಡನೆ ಹೋಲಿಸಿದಾಗ, ಮುಂಗಾಲಿನ ಗರಿಷ್ಠ ಒತ್ತಡವು ಹೆಚ್ಚು ಗಡುಸಾದ ಇಂಗಾಲದ ಅಟ್ಟೆಯಲ್ಲಿಯೇ ಅಧಿಕವಾಗಿದ್ದಿತು. ಬೆಲೆ ಹೆಚ್ಚಾದ ಮಾತ್ರಕ್ಕೆ ಸುಖವೂ ಹೆಚ್ಚಬೇಕೆಂಬ ನಿಯಮವಿಲ್ಲ. ಗಡುಸಾದ ಅಟ್ಟೆಯಿದ್ದರೆ ಅದರ ಮೇಲಿನ ಒಳಹಾಸು ಪಾದದ ಕಮಾನಿಗೆ ಆಸರೆಯಾಗುವಂತಿರಬೇಕು. ಕಮಾನಿನಡಿಯ ಬರಿದಾದ ಸ್ಥಳವೂ ಭಾರ ಹೊರಲು ಒದಗಿದರೆ ವಿಸ್ತೀರ್ಣ ಹೆಚ್ಚಿ ಒತ್ತಡ ತಗ್ಗುತ್ತದೆ.

ಅಚ್ಚು ಯಾರ ಪಾದದ್ದು?

ಎಲ್ಲ ಬೂಟುಗಳೂ ಒಂದು ಅಚ್ಚಿನ ಸುತ್ತ ರೂಪುಗೊಳ್ಳುತ್ತವೆ. ಬೂಟು ನಿಮಗೆ ಒಪ್ಪುವುದೋ ಇಲ್ಲವೋ ಎಂಬುದು ಆ ಅಚ್ಚು ನಿಮ್ಮ ಪಾದವನ್ನು ಎಷ್ಟರಮಟ್ಟಿಗೆ ಹೋಲುತ್ತದೆಂಬುದನ್ನು ಅವಲಂಬಿಸಿದೆ. ಬೂಟಿನ ಮೇಲೆ ಮುದ್ರಿತವಾಗಿರುವ ಅಂಕಿಯು ಸಾಮಾನ್ಯವಾಗಿ ಉದ್ದವನ್ನಷ್ಟೇ ಸೂಚಿಸುತ್ತದೆ. ಯೂರೋಪಿನ ಅಳತೆಯಲ್ಲಿ ಒಂದು ಅಂಕಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಸೆಂಟಿಮೀಟರಿನ ಮೂರರಲ್ಲೆರಡು ಪಾಲು, ಎಂದರೆ 6.7 ಮಿಲಿಮೀಟರು, ಇಂಗ್ಲಿಷರ ಅಳತೆಯಲ್ಲಿ ಅಂಗುಲದ ಮೂರರಲ್ಲೊಂದು ಪಾಲು, ಎಂದರೆ ಸುಮಾರು 8.5 ಮಿಲಿಮೀಟರು. ಅಗಲದ ಸುದ್ದಿಯನ್ನು ಈ ಅಂಕಿಗಳು ಹೇಳುವುದೇ ಇಲ್ಲ.

ಇಲ್ಲಿ ನಮ್ಮ ನಾಡಿನವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಬರಿಗಾಲಿನಲ್ಲಿ ನಡೆದೇ ಬೆಳೆದವರ ಪಾದಗಳನ್ನು ಬೂಟು ತೊಟ್ಟು ಬೆಳೆದವರ ಪಾದಗಳೊಡನೆ ಹೋಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಬೆಲ್ಜಿಯಮ್ಮಿನ ವಿಜ್ಞಾನಿಗಳು ದಕ್ಷಿಣ ಭಾರತದ ಜನರನ್ನು ಪರೀಕ್ಷಿಸಿ ನಡೆಸಿದ ಅಧ್ಯಯನವದು. ಬರಿಗಾಲಿನವರ ಪಾದಗಳು ಹೆಚ್ಚು ಅಗಲವಾಗಿದ್ದುವು. ನಡೆಯುವಾಗ ಅವರ ಅಂಗಾಲಿನ ಮೇಲೆ ಒತ್ತಡವು ಹೆಚ್ಚು ಸಮನಾಗಿ ಹಂಚಿಹೋಗುತ್ತಿತ್ತು. ಮನೆಯೊಳಗೆ ಬರಿಗಾಲು, ಹೊರಗೆ ತೆರೆದ ಚಪ್ಪಲಿ, ಇದೇ ರೂಢಿಯಲ್ಲಿ ಬೆಳೆದ ಯುವಕನೊಬ್ಬನು ಕಿರಿದಾದ ಪಂದ್ಯದ ಬೂಟಿನೊಳಕ್ಕೆ ಪಾದವನ್ನು ತುರುಕಿದರೆ ಜೋಮು ಹಿಡಿಯುವುದರಲ್ಲಿ ಆಶ್ಚರ್ಯವೇನು? ಆಗ ಅನೇಕರು ಮಾಡುವ ತಪ್ಪೆಂದರೆ ಅಗಲಕ್ಕಾಗಿ ಒಂದಂಕಿ ಉದ್ದನೆಯ ಬೂಟನ್ನು ಕೊಳ್ಳುವುದು. ಹಾಗೆ ಮಾಡಿದರೆ ಹಿಮ್ಮಡಿ ಸಡಿಲವಾಗುತ್ತದೆ. ಪಾದದ ಅಗಲವಾದ ಭಾಗ ಬೂಟಿನ ಅಗಲವಾದ ಭಾಗದಲ್ಲಿ ಕೂರುವುದಿಲ್ಲ. ಅಗಲವಾದ ಅಚ್ಚಿನ ಬೂಟುಗಳನ್ನೂ ಕೆಲವು ತಯಾರಕರು ಮಾಡುತ್ತಾರೆ. ಅವನ್ನೇ ಕೇಳಿ ಪಡೆಯಬೇಕು.

ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕಾಸಿನ ವಿಷಯಕ್ಕೆ ಸರಿ. ಬೂಟಿನ ವಿಷಯದಲ್ಲಿ ಅದನ್ನು ತಿರುಗಿಸಿ ಹೇಳಬೇಕು: ಕಾಲಿದ್ದಷ್ಟು ಬೂಟು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಒಂದು ಕಾಗದ, ಒಂದು ಸೀಸದಕಡ್ಡಿ, ಒಂದು ಅಳತೆಪಟ್ಟಿ ಇದ್ದರೆ ಸಾಕು. ಸಂಜೆಯ ವೇಳೆಯಲ್ಲಿ ಕಾಗದದ ಮೇಲೆ ಎರಡು ಕಾಲುಗಳಿಗೂ ಸಮನಾಗಿ ಭಾರ ಹಾಕಿ ನಿಲ್ಲಿರಿ. ಸಂಜೆಯೇ ಏಕೆಂದರೆ ದಿನವೆಲ್ಲ ಓಡಾಡಿದ ಪಾದವು ಸ್ವಲ್ಪ ಊದಿಕೊಂಡಿರುತ್ತದೆ. ಬಿಸಿಲಿನಲ್ಲಿ ಸವಾರಿ ಮಾಡುವಾಗಲೂ ಹಾಗೆಯೇ ಆಗುತ್ತದೆ. ಗೆಳೆಯನೊಬ್ಬನು ಸೀಸದಕಡ್ಡಿಯನ್ನು ನೇರವಾಗಿ ಹಿಡಿದು ಪಾದದ ಸುತ್ತ ಗೆರೆಯೆಳೆಯಲಿ. ಎರಡು ಪಾದಗಳನ್ನೂ ಬರೆದು ಉದ್ದವನ್ನೂ ಅತ್ಯಂತ ಅಗಲವಾದ ಕಡೆಯ ಅಗಲವನ್ನೂ ಅಳೆಯಿರಿ. ಎರಡು ಪಾದಗಳೂ ಒಂದೇ ಅಳತೆಯಲ್ಲಿಲ್ಲದಿರುವುದು ಸರ್ವೇಸಾಮಾನ್ಯ. ದೊಡ್ಡದಾದ ಪಾದಕ್ಕೆ ಸರಿಯಾಗಿ ಬೂಟನ್ನು ಆರಿಸಬೇಕು. ಅಂಗಡಿಯಲ್ಲಿ ಬೂಟಿನ ಒಳಹಾಸನ್ನು ಹೊರತೆಗೆದು ಈ ಚಿತ್ರದ ಮೇಲಿಟ್ಟು ನೋಡಿರಿ. ಚಿತ್ರದ ಗೆರೆಯು ಒಳಹಾಸಿನ ಎರಡು ಪಕ್ಕಗಳಿಂದಲೂ ಬಹಳವಾಗಿ ಹೊರಚಾಚಿದರೆ ಆ ಬೂಟು ನಿಮ್ಮದಲ್ಲವೆಂದು ತಿಳಿಯಿರಿ.

ಬಳಿಕ ಸವಾರಿಯಲ್ಲಿ ಧರಿಸುವ ಕಾಲುಚೀಲವನ್ನೇ ಹಾಕಿಕೊಂಡು ಬೂಟನ್ನು ತೊಟ್ಟು ಕಾಲು ಗಂಟೆಯಾದರೂ ಇರಬೇಕು. ಬೆರಳುಗಳು ಅಲುಗಾಡುವಂತಿರಬೇಕು, ಉದ್ದವಾದ ಬೆರಳು ಬೂಟಿನ ಮೂತಿಯನ್ನು ತಾಕಬಾರದು. ಹಿಮ್ಮಡಿ ಮೇಲೆದ್ದು ಜಾರಬಾರದು. ಪಾದದ ಮೇಲ್ಭಾಗದಲ್ಲಿ ಪಟ್ಟಿಯಾಗಲಿ ದಾರವಾಗಲಿ ಒಂದೇ ಕಡೆ ಕೊರೆಯಬಾರದು. ಬಿಗಿಯುವ ಸಾಧನವು ಲಾಡಿಯೋ, ಅಂಟುಪಟ್ಟಿಯೋ, ತಿರುಗಿಸುವ ಗುಂಡಿಯೋ ಯಾವುದಾದರೂ ಸರಿ; ಸವಾರಿಯ ನಡುವೆ ಪಾದ ಊದಿದಾಗ ಸಡಿಲಿಸಲು ಸುಲಭವಾಗಿದ್ದರೆ ಒಳ್ಳೆಯದು.

ಕ್ಲೀಟಿನ ಸ್ಥಾನ

ಒಪ್ಪುವ ಬೂಟು ದೊರೆತರೂ ಕ್ಲೀಟನ್ನು ತಪ್ಪಾದ ಕಡೆ ಬಿಗಿದರೆ ಸುಖವಿಲ್ಲ. ಮೊದಲನೆಯ ಮತ್ತು ಐದನೆಯ ಪ್ರಪದಾಸ್ಥಿಗಳ ತುದಿಗಳಿರುವ ಸ್ಥಳಗಳನ್ನು ಬೂಟಿನ ಹೊರಗಿನಿಂದ ಗುರುತಿಸಿಕೊಂಡು, ಪೆಡಲಿನ ಅಚ್ಚುಗಂಬಿಯು ಇವೆರಡರ ನಡುವೆ ಬರುವಂತೆ ಕ್ಲೀಟನ್ನು ಮೊದಲಿಗೆ ಜೋಡಿಸುವುದು ರೂಢಿ. ಬೆರಳುಗಳ ಬುಡದಲ್ಲಿ ಉರಿ ಕಂಡರೆ ಕ್ಲೀಟನ್ನು ಕೆಲವೇ ಮಿಲಿಮೀಟರುಗಳಷ್ಟು ಹಿಮ್ಮಡಿಯ ಕಡೆಗೆ ಸರಿಸಬೇಕು. ಬಲದ ಕೇಂದ್ರವು ಮೂಳೆಯ ತುದಿಗಳಿಂದ ಹಿಂದಕ್ಕೆ ಸರಿದು ನರಗಳಿಗೆ ಬಿಡುವು ದೊರೆಯುತ್ತದೆ. ನೂರಾರು ರೂಪಾಯಿಯ ಒಳಹಾಸನ್ನು ಕೊಳ್ಳುವ ಮೊದಲು ಖರ್ಚಿಲ್ಲದ ಈ ಉಪಾಯವನ್ನು ಮಾಡಿ ನೋಡುವುದು ಲೇಸು.

ಕೋನವೂ ಮುಖ್ಯ. ಎತ್ತರದ ಮೇಜಿನ ಅಂಚಿನಲ್ಲಿ ಕುಳಿತು ಕಾಲುಗಳನ್ನು ಸಡಿಲವಾಗಿ ಇಳಿಬಿಟ್ಟರೆ ಕೆಲವರ ಪಾದಗಳು ಹೊರಕ್ಕೂ, ಕೆಲವರವು ನೇರವಾಗಿಯೂ, ಕೆಲವರವು ಒಳಕ್ಕೂ ಮುಖಮಾಡುತ್ತವೆ. ಕ್ಲೀಟು ಈ ಸಹಜವಾದ ಕೋನವನ್ನು ಅನುಸರಿಸಬೇಕು. ಇಲ್ಲವಾದರೆ ಪಾದವು ಒಂದು ದಿಕ್ಕಿಗೂ ಮೊಣಕಾಲು ಇನ್ನೊಂದು ದಿಕ್ಕಿಗೂ ಎಳೆದಾಡಿ, ಕೊನೆಗೆ ದಂಡ ತೆರುವುದು ಮೊಣಕಾಲೇ. ಇದಕ್ಕಾಗಿಯೇ ಬಹುಪಾಲು ಕ್ಲೀಟುಗಳು ಪಾದವು ಕೆಲವು ಡಿಗ್ರಿಗಳಷ್ಟು ಅತ್ತಿತ್ತ ತಿರುಗಲು ಎಡೆಗೊಡುತ್ತವೆ. ಲುಕ್ ಸಂಸ್ಥೆಯ ಕಿಯೋ ಬಗೆಯ ಕ್ಲೀಟುಗಳಲ್ಲಿ ಕಪ್ಪು ಬಣ್ಣದ್ದಕ್ಕೆ ಈ ಸ್ವಾತಂತ್ರ್ಯವಿಲ್ಲ. ಬೂದು ಬಣ್ಣದ್ದಕ್ಕೆ 4.5 ಡಿಗ್ರಿ, ಕೆಂಪಿಗೆ 9 ಡಿಗ್ರಿ. ಶಿಮಾನೊ ಸಂಸ್ಥೆಯ ಮೂರು ಮೊಳೆಯ ಕ್ಲೀಟುಗಳಲ್ಲಾದರೋ ಕೆಂಪು ಬಣ್ಣದ್ದೇ ಅಲುಗದ್ದು. ನೀಲಿಗೆ 2 ಡಿಗ್ರಿ, ಹಳದಿಗೆ 6 ಡಿಗ್ರಿ. ಬಣ್ಣವನ್ನು ಮೆಚ್ಚಿ ಕೊಂಡವನು ಮೊಣಕಾಲಿಗೆ ಕೇಡು ತಂದುಕೊಂಡಾನು!

ಮೊದಮೊದಲು ನಿಂತಲ್ಲಿಯೇ ಬೀಳುವುದು ಹೊಸಬರ ಅನುಭವ. ಸ್ಪ್ರಿಂಗಿನ ಬಿಗಿಯನ್ನು ಕನಿಷ್ಠಕ್ಕೆ ಇಳಿಸಿ, ಹುಲ್ಲಿನ ಮೈದಾನದಲ್ಲಿ ಗೋಡೆಯ ಆಸರೆ ಹಿಡಿದು ಸಿಕ್ಕಿಸುವುದನ್ನೂ ಬಿಡಿಸುವುದನ್ನೂ ಹಲವು ಹತ್ತು ಬಾರಿ ಅಭ್ಯಾಸ ಮಾಡಬೇಕು. ನಿಲ್ಲುವುದಕ್ಕೆ ಮುಂಚೆಯೇ ಕಾಲನ್ನು ಬಿಡಿಸಬೇಕು. ನಮ್ಮಲ್ಲಿ ರಸ್ತೆಯ ಎಡಬದಿಯಲ್ಲಿ ಚಲಿಸುವ ಪದ್ಧತಿಯಿರುವುದರಿಂದ ಎಡಗಾಲನ್ನು ಬಿಡಿಸಿ ಎಡಕ್ಕೆ ಒರಗುವುದು ಕ್ಷೇಮ. ಬಲಕ್ಕೆ ಬಿದ್ದರೆ ವಾಹನಗಳ ದಾರಿಗೆ ಬಿದ್ದಂತೆ.

ಇಷ್ಟೆಲ್ಲ ಬೇಕೇ?

ಕೊನೆಯದಾಗಿ ಒಂದು ಪ್ರಾಮಾಣಿಕ ಪ್ರಶ್ನೆ. ಈ ಪೆಡಲುಗಳಿಂದ ಸವಾರನ ಶ್ರಮವು ನಿಜವಾಗಿಯೂ ಉಳಿಯುವುದೇ? ಪಾದವನ್ನು ಮೇಲಕ್ಕೂ ಎಳೆಯಬಹುದಾದ್ದರಿಂದ ಶಕ್ತಿಯು ಬಹಳ ಹೆಚ್ಚುವುದೆಂಬ ನಂಬಿಕೆ ಹಿಂದಿನಿಂದಲೂ ಇದೆ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸವಾರರು ಬೇಕೆಂದೇ ಪೆಡಲನ್ನು ಮೇಲಕ್ಕೆಳೆದು ತುಳಿದಾಗ, ಬಲದ ದಿಕ್ಕು ಸುಧಾರಿಸಿದರೂ ದೇಹದ ಒಟ್ಟು ದಕ್ಷತೆಯು ಕುಗ್ಗಿತು. 2016ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ಸಂಶೋಧಕರು ಓಟದ ಬೂಟು ಮತ್ತು ಚಪ್ಪಟೆ ಪೆಡಲುಗಳನ್ನು ಬೈಸಿಕಲ್ಲು ಬೂಟು ಮತ್ತು ಕ್ಲಿಪ್‌ಲೆಸ್ ಪೆಡಲುಗಳೊಡನೆ ಹೋಲಿಸಿದರು. ಸಾಧಾರಣ ವೇಗದ ಸವಾರಿಯಲ್ಲಿ ದೇಹವು ವ್ಯಯಿಸುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ವೇಗದ ಓಟದಲ್ಲಿ, ಉಬ್ಬುತಗ್ಗಿನ ಹಾದಿಯಲ್ಲಿ ಪಾದವು ಪೆಡಲಿನಿಂದ ಜಾರದಿರುವುದು ದೊಡ್ಡ ಅನುಕೂಲವೇ ಸರಿ. ಆದರೆ ಮನೆಯಿಂದ ಕಾಲೇಜಿಗೆ ನಾಲ್ಕಾರು ಮೈಲಿ ಹೋಗಿಬರುವ ವಿದ್ಯಾರ್ಥಿಯು ಇವಿಲ್ಲವೆಂದು ಕೊರಗಬೇಕಾಗಿಲ್ಲ. ಬೇಕೆಂದೇ ಆದರೆ, ಇಳಿದು ತರಗತಿಗೆ ನಡೆಯಲೂ ಒದಗುವ ಎರಡು ಮೊಳೆಯ ಬಗೆಯೇ ಅವನಿಗೆ ಉಚಿತ.

ನಂದಿಯ ದಾರಿಯಲ್ಲಿ ಕುಳಿತ ನಮ್ಮ ವಿದ್ಯಾರ್ಥಿಯ ಬಳಿಗೆ ಮತ್ತೆ ಬರೋಣ. ಆತನು ಪಟ್ಟಿಗಳನ್ನು ಸಡಿಲಿಸಲಿ. ಮನೆಗೆ ಹಿಂತಿರುಗಿ ಕ್ಲೀಟನ್ನು ಹಿಂದಕ್ಕೆ ಸರಿಸಲಿ. ಕಾಗದದ ಮೇಲೆ ಪಾದವನ್ನು ಬರೆದು ಒಳಹಾಸಿನೊಡನೆ ಹೋಲಿಸಲಿ. ಆಗಲೂ ಬಾಧೆ ಹೋಗದಿದ್ದರೆ ಬೂಟನ್ನು ಬದಲಾಯಿಸಬೇಕು. ಬೂಟು ಕಳಚಿದ ಮೇಲೂ ಜೋಮು ಉಳಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬೂಟು ಹೋದರೆ ಇನ್ನೊಂದನ್ನು ಕೊಳ್ಳಬಹುದು. ಪಾದಗಳಾದರೋ ಎರಡೇ, ಅವು ಇನ್ನೂ ಐವತ್ತು ಅರುವತ್ತು ವರ್ಷ ಅವನನ್ನು ಹೊತ್ತು ತಿರುಗಬೇಕಾಗಿದೆ.